ಜಗ್ಗಿದ್ರೂ ಜರುಗದ ಅಲ್ಯೂಮಿನಿಯಂ ಕಿಟಕಿ: ಎಣ್ಣೆ ಬಿಡೋ ಮುಂಚೆ ಇದನ್ನ ಓದಿ

ಕೊರಟಗೆರೆ: ಚನ್ನರಾಯನದುರ್ಗ ಹೋಬಳಿ ಊರುಗಳಲ್ಲಿ ಈಗ ಹೊಸ ಮನೆ ಎದ್ದರೆ ಕಿಟಕಿಗೆ ಮರ ಹಾಕಿಸೋರು ಕಡಿಮೆ. ತೇಗ, ಹೊನ್ನೆ ಅಂದ್ರೆ ರೇಟು ಕೈಗೆಟುಕಲ್ಲ. ಅಗ್ಗದ ಮರ ಹಾಕಿಸಿದ್ರೆ ಗೆದ್ದಲು ಬಿಡಲ್ಲ. ಹಾಗಾಗಿ ಹೊರಗಡೆ ಕಬ್ಬಿಣದ ಗ್ರಿಲ್, ಒಳಗಡೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಮನೆ ಅಷ್ಟೇ ಅಲ್ಲ, ಮೆಡಿಕಲ್ ಸ್ಟೋರ್, ಮೊಬೈಲ್ ಅಂಗಡಿ, ಸೊಸೈಟಿ ಕಚೇರಿ ಎಲ್ಲ ಕಡೆ ಇದೇ. ಗೃಹಪ್ರವೇಶದ ದಿನ ಒಂದು ಬೆರಳಲ್ಲಿ ತಳ್ಳಿದ್ರೆ ಸರ್ರನೆ ಹೋಗೋ ಕಿಟಕಿ, ಎರಡು ಮೂರು ವರ್ಷ ಆಗೋ ಹೊತ್ತಿಗೆ ಎರಡೂ ಕೈ ಹಾಕಿ ಜಗ್ಗಿದ್ರೂ ಕರ್ ಅಂತ ಸದ್ದು ಮಾಡಿ ಅರ್ಧಕ್ಕೆ ನಿಲ್ಲುತ್ತೆ.

ಆಗ ಮನೆಯವರು ಮೊದಲು ಮಾಡೋ ಕೆಲಸ ಅಡುಗೆ ಮನೆಯಿಂದ ಕೊಬ್ಬರಿ ಎಣ್ಣೆನೋ ಕಡಲೆಕಾಯಿ ಎಣ್ಣೆನೋ ತಂದು ಕಿಟಕಿ ಸಂದಿಗೆ ಬಿಡೋದು. ಒಂದು ವಾರ ಕಿಟಕಿ ಸಲೀಸಾಗಿ ಓಡುತ್ತೆ, ಎಲ್ಲರಿಗೂ ಖುಷಿ. ಒಂದು ತಿಂಗಳಾದ ಮೇಲೆ ನೋಡಿದ್ರೆ ಮೊದಲಿಗಿಂತ ಬಿಗಿ. ಕಾರಣ ಸರಳ. ಅಡುಗೆ ಎಣ್ಣೆ ಒಣಗೋದಿಲ್ಲ, ಅಂಟಾಗಿ ಕೂರುತ್ತೆ. ಆ ಅಂಟಿನ ಮೇಲೆ ಧೂಳು ಕೂತು ಕಪ್ಪು ಮೇಣದ ಥರ ಗಟ್ಟಿಯಾಗುತ್ತೆ. ಕೊಬ್ಬರಿ ಎಣ್ಣೆ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರ್, ಜನವರಿ ಚಳೀಲಿ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗೋ ಎಣ್ಣೆ ಕಿಟಕಿ ಸಂದಿಯಲ್ಲಿ ಮಾತ್ರ ನೀರಾಗಿ ಇರುತ್ತಾ? ಇರುವೆ, ಜಿರಳೆಗೆ ಊಟ ಹಾಕಿದ ಹಾಗೆ ಆಗೋದು ಬೇರೆ.

ಕಿಟಕಿ ತಾನೇ, ಅರ್ಧ ತೆಗೆದಿದ್ರೆ ಏನು ಅಂತ ಬಿಡೋದಕ್ಕೂ ಆಗಲ್ಲ. ಅಡುಗೆ ಮನೆ ಕಿಟಕಿ ಯೋಚನೆ ಮಾಡಿ. ಗ್ಯಾಸ್ ಸೋರಿದ ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ರೆಗ್ಯುಲೇಟರ್ ಬಂದ್ ಮಾಡಿ ಮೊದಲು ತೆಗೀಬೇಕಾದ್ದು ಬಾಗಿಲು, ಕಿಟಕಿ. ಅಂಥ ಹೊತ್ತಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಮನೇಲಿದ್ದು, ಕಿಟಕಿ ಜಗ್ಗಿದ್ರೂ ಬರ್ಲಿಲ್ಲ ಅಂದ್ರೆ? (ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906. ಮನೆಯಿಂದ ಹೊರಗೆ ಬಂದು ಫೋನ್ ಮಾಡಬೇಕು.) ಮಲಗೋ ಕೋಣೆ ಕಿಟಕಿ ಅರ್ಧ ತೆಗೆದು ನಿಂತ್ರೆ ಸೊಳ್ಳೆ ಪರದೆ ಕೂಡ ಅರ್ಧಕ್ಕೆ ನಿಲ್ಲುತ್ತೆ. ಮಳೆ ಬಂದಾಗ ಮುಚ್ಚೋಕಾಗದೆ ಹಾಸಿಗೆ ನೆನೆಯುತ್ತೆ. ಇದೆಲ್ಲಾ ಆದ ಮೇಲೆ ಸಿಟ್ಟಲ್ಲಿ ಬಲವಾಗಿ ಎಳೆದು ಗಾಜು ಒಡ್ಕೊಂಡವರೂ ಇದ್ದಾರೆ. ಸಾಮಾನ್ಯ ಗಾಜು ಕಾರಿನ ಗಾಜಿನ ಥರ ಪುಡಿಪುಡಿ ಆಗಲ್ಲ, ಕತ್ತಿ ಥರ ಉದ್ದುದ್ದ ಚೂರಾಗಿ ಬೀಳುತ್ತೆ.

ಕಿಟಕಿ ಒಳಗೆ ಏನಿದೆ?

ಸ್ಲೈಡಿಂಗ್ ಕಿಟಕಿ ಗಾಜಿನ ಪ್ಯಾನೆಲ್ ಸುಮ್ನೆ ಜಾರೋದಿಲ್ಲ, ಉರುಳುತ್ತೆ. ಪ್ರತಿ ಪ್ಯಾನೆಲ್ ಅಡಿಯಲ್ಲಿ ಎರಡೂ ತುದಿಗೆ ಒಂದೊಂದು ಪುಟಾಣಿ ಗಾಲಿ ಇರುತ್ತೆ. ಅಂಗಡಿಯವರು ಇದನ್ನ ಬೇರಿಂಗ್ ಅಂತಾರೆ, ಕೆಲವರು ರೋಲರ್ ಅಂತಾರೆ. ಅಗ್ಗದ್ದರಲ್ಲಿ ಬರೀ ನೈಲಾನ್ ಗಾಲಿ, ಸ್ವಲ್ಪ ಒಳ್ಳೇದರಲ್ಲಿ ಒಳಗೆ ಉಕ್ಕಿನ ಗುಂಡು ಇರೋ ಬೇರಿಂಗ್. ಈ ಗಾಲಿ ಓಡೋದು ಕೆಳಗಿನ ಚೌಕಟ್ಟಲ್ಲಿ ಎದ್ದು ನಿಂತಿರೋ ತೆಳು ಹಳಿ ಮೇಲೆ. ಎರಡು ಹಳಿ ಇದ್ರೆ ಟೂ ಟ್ರ್ಯಾಕ್. ಸೊಳ್ಳೆ ಪರದೆಗೂ ಒಂದು ಹಳಿ ಸೇರಿದ್ರೆ ತ್ರೀ ಟ್ರ್ಯಾಕ್.

ಆ ಪುಟಾಣಿ ಗಾಲಿ ಹೊರೋ ಭಾರ ಕಮ್ಮಿ ಏನಲ್ಲ. ನಾಲ್ಕು ಎಂ.ಎಂ. ದಪ್ಪದ ಗಾಜು ಒಂದು ಚದರ ಮೀಟರ್‌ಗೆ 10 ಕೆ.ಜಿ. ತೂಗುತ್ತೆ. ಎರಡಡಿ ಅಗಲ, ನಾಲ್ಕಡಿ ಎತ್ತರದ ಪ್ಯಾನೆಲ್ ಅಂದ್ರೆ ಗಾಜೇ ಏಳೂವರೆ ಕೆ.ಜಿ. ಹತ್ತಿರ. ಅಲ್ಯೂಮಿನಿಯಂ ತೂಕ ಬೇರೆ. ಇಷ್ಟು ಭಾರ ಇರೋ ಗಾಲಿ ಕೆಳಗೆ ಮರಳು ಕಣ ಸಿಕ್ಕಿದ್ರೆ ಗಾಲಿ ತಿರುಗೋದು ನಿಲ್ಲಿಸಿ, ಉಜ್ಜಿಕೊಂಡು ಹೋಗೋಕೆ ಶುರು ಮಾಡುತ್ತೆ. ಕೆಲವು ತಿಂಗಳು ಹೀಗೇ ಎಳೆದಾಡಿದ್ರೆ ಗಾಲಿಯ ಒಂದು ಕಡೆ ಸವೆದು ಚಪ್ಪಟೆ ಆಗುತ್ತೆ. ಅಲ್ಲಿಂದ ಮುಂದೆ ಯಾವ ಎಣ್ಣೆ ಹಾಕಿದ್ರೂ ಅದು ಉರುಳಲ್ಲ. ಅದನ್ನೂ ಹಾಗೇ ಬಿಟ್ಟರೆ ಅಲ್ಯೂಮಿನಿಯಂ ಹಳಿಯೇ ಸವೆಯುತ್ತೆ. ಸಣ್ಣ ಗಾಲಿಯಲ್ಲಿ ಮುಗೀಬೇಕಾದ ಖರ್ಚು ಚೌಕಟ್ಟು ಬದಲಾಯಿಸೋವರೆಗೆ ಹೋಗೋದು ಹೀಗೆ.

ನಮ್ಮ ಕಡೆ ಧೂಳಿಗೆ ಬರ ಇಲ್ಲ. ಆಷಾಢದ ಗಾಳಿ ಒಂದು ಕಡೆ. ರಾಗಿ ಒಕ್ಕಣೆ ಟೈಮಲ್ಲಿ ರಸ್ತೆ ಮೇಲೆ ತೆನೆ ಹಾಸಿ ಗಾಡಿ ಓಡಿಸಿದ್ರೆ ಹೊಟ್ಟು ಇಡೀ ಊರಿಗೆ ಹಾರುತ್ತೆ. ರಸ್ತೆ ಪಕ್ಕದ ಅಂಗಡಿಗಳಿಗೆ ಜಲ್ಲಿ, ಎಂ-ಸ್ಯಾಂಡ್ ಟಿಪ್ಪರ್‌ಗಳ ಪ್ರಸಾದ ದಿನಾ ಇದ್ದದ್ದೇ. ಕಲ್ಲಿನ ಪುಡಿ ಮಣ್ಣಿನ ಧೂಳಿಗಿಂತ ಕೆಟ್ಟದ್ದು, ಉಪ್ಪುಕಾಗದದ ಥರ ತೇಯುತ್ತೆ. ಇದರ ಜೊತೆಗೆ ಕುಂಬಾರ ಹುಳ ಟ್ರ್ಯಾಕ್ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟಿರುತ್ತೆ, ಹಲ್ಲಿ ಮೊಟ್ಟೆ ಇಟ್ಟಿರುತ್ತೆ. ಗಾಲಿಗೆ ಅದೂ ಒಂದು ಬೆಟ್ಟಾನೇ.

ಇನ್ನೊಂದು ಶತ್ರು ಸಿಮೆಂಟು ಮತ್ತು ಸುಣ್ಣ. ಯುಗಾದಿಗೋ ಊರ ಜಾತ್ರೆಗೋ ಸುಣ್ಣ ಬಣ್ಣ ಹೊಡೆಸ್ತೀವಲ್ಲ, ಆಗ ಟ್ರ್ಯಾಕ್ ಒಳಗೆ ಬಿದ್ದ ಹನಿ ಅಲ್ಲೇ ಒಣಗಿ ಕಲ್ಲಾಗುತ್ತೆ. ಅಷ್ಟೇ ಆಗಿದ್ರೆ ಕೆರೆದು ತೆಗೀಬಹುದಿತ್ತು. ಅಲ್ಯೂಮಿನಿಯಂಗೆ ಗಾಳಿ ತಾಗಿದ ತಕ್ಷಣ ಮೈಮೇಲೆ ಕಣ್ಣಿಗೆ ಕಾಣದ ತೆಳು ಪದರ ಕಟ್ಟಿಕೊಳ್ಳುತ್ತೆ. ಕಬ್ಬಿಣದ ಥರ ತುಕ್ಕು ಹಿಡೀದೇ ಇರೋದು ಆ ಪದರದಿಂದ. ಹಸಿ ಸುಣ್ಣ, ಹಸಿ ಸಿಮೆಂಟು ಎರಡೂ ಕ್ಷಾರ. ಕ್ಷಾರ ಆ ಪದರಾನೇ ತಿಂದುಹಾಕುತ್ತೆ. ಹಳಿ ಮೇಲೆ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ ಕಂಡ್ರೆ ಅದು ಸುಣ್ಣ ತಿಂದ ಗುರುತು. ಟೈಲ್ಸ್ ತೊಳೆಯೋ ಆಸಿಡ್ ಕೂಡ ಇದೇ ಕೆಲಸ ಮಾಡುತ್ತೆ. ಹೊಸ ಮನೆ ಕ್ಲೀನ್ ಮಾಡುವಾಗ ನೆಲಕ್ಕೆ ಹಾಕೋ ಆಸಿಡ್ಡನ್ನೇ ಕಿಟಕಿಗೂ ಚಿಮುಕಿಸಬೇಡಿ. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಸರಿ, ಕಿಟಕಿಗೆ ಅದೂ ಬೇಡ.

ಮೊದಲು ಕಸ, ಆಮೇಲೆ ಎಣ್ಣೆ

ಅಲ್ಯೂಮಿನಿಯಂ ಕೆಲಸ ಗೊತ್ತಿರೋರು ಯಾರನ್ನ ಕೇಳಿದ್ರೂ ಇದೇ ಮಾತು: ಬಿಗಿಯಾದ ಕಿಟಕಿಗೆ ಬೇಕಾಗಿರೋದು ಬಹಳ ಸಲ ಎಣ್ಣೆ ಅಲ್ಲ, ಪೊರಕೆ. ಅರ್ಧ ಗಂಟೆ ಬಿಡುವು ಮಾಡ್ಕೊಂಡು ಟ್ರ್ಯಾಕ್ ಸರಿಯಾಗಿ ಕ್ಲೀನ್ ಮಾಡಿದ್ರೆ ಏನೂ ಹಾಕದೇ ಓಡೋ ಕಿಟಕಿಗಳೇ ಜಾಸ್ತಿ.

ಒಂದೇ ಒಂದು ಎಚ್ಚರ. ಬಕೆಟ್ ನೀರು ತಂದು ಸುರಿಯಬೇಡಿ. ಒಣ ಧೂಳಿಗೆ ನೀರು ಬಿದ್ರೆ ಕೆಸರು, ಆ ಕೆಸರು ಗಾಲಿ ಸಂದಿಗೆ ಇಳಿದು ಒಣಗಿದ್ರೆ ಮುಗೀತು. ಮೊದಲು ಒಣಗಿದ್ದಾಗಲೇ ಹಲ್ಲುಜ್ಜೋ ಹಳೇ ಬ್ರಷ್, ಬಣ್ಣದ ಬ್ರಷ್ ಯಾವುದಾದ್ರೂ ತಗೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಕಸ ಎಳೆದು ತೆಗೀರಿ. ಸೈಕಲ್ ಪಂಪಿನಿಂದ ಗಾಳಿ ಊದಿದ್ರೆ ಮೂಲೆಯಲ್ಲಿರೋದೂ ಹೊರಗೆ ಬರುತ್ತೆ. ಊದುವಾಗ ಮುಖಕ್ಕೆ ಬಟ್ಟೆ ಕಟ್ಕೊಳ್ಳಿ, ಕಣ್ಣು ಆಚೆ ತಿರುಗಿಸಿ. ಗಟ್ಟಿ ಕೂತಿರೋ ಕಡೆ ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಹಳೇ ಬನಿಯನ್ ಬಟ್ಟೆ ಸುತ್ತಿ ಉಜ್ಜಿ. ಬಟ್ಟೆ ಇಲ್ಲದೆ ಬರೀ ಸ್ಕ್ರೂಡ್ರೈವರ್ ಹಾಕಿದ್ರೆ ಹಳಿಗೆ ಗೀರು ಬೀಳುತ್ತೆ. ಪಾತ್ರೆ ಉಜ್ಜೋ ಕಬ್ಬಿಣದ ನಾರು ಕೂಡ ಬೇಡ. ಅದರ ಚೂರು ಅಲ್ಲೇ ಉಳಿದು ತುಕ್ಕು ಹಿಡಿಯುತ್ತೆ.

ಆಮೇಲೆ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ ಒರೆಸಿ. ಅಡುಗೆ ಮನೆ ಕಿಟಕಿಗೆ ಮಾತ್ರ ನೀರು ಬೆಚ್ಚಗಿರಲಿ. ಅಲ್ಲಿ ಕೂತಿರೋದು ಬರೀ ಧೂಳಲ್ಲ, ಒಗ್ಗರಣೆ ಹೊಗೆಯ ಜಿಡ್ಡು. ಗಾಜು, ಪ್ಯಾನೆಲ್ ಸೇರೋ ಕಡೆ ಕಪ್ಪು ರಬ್ಬರ್ ಪಟ್ಟಿ ಇರುತ್ತೆ. ಜಿಡ್ಡು ಬೇಗ ಹೋಗಲಿ ಅಂತ ಸೀಮೆಎಣ್ಣೆ, ಪೆಟ್ರೋಲ್ ಹಾಕೋರು ಇದ್ದಾರೆ. ರಬ್ಬರ್ ಊದಿಕೊಂಡು ಜಾಗ ಬಿಡುತ್ತೆ. ಮನೆಯೊಳಗೆ ಪೆಟ್ರೋಲ್ ಬಾಟಲಿ ಬಿಚ್ಚೋದು ಎಷ್ಟು ಸರಿ ಅನ್ನೋದು ಬೇರೆ ಮಾತು.

ಟ್ರ್ಯಾಕಿನ ಹೊರಗಿನ ಗೋಡೆ ಬುಡದಲ್ಲಿ ಸಣ್ಣ ತೂತುಗಳು ಇವೆಯಾ ನೋಡಿ. ಒಳಗೆ ಬಿದ್ದ ಮಳೆ ನೀರು ಹೊರಗೆ ಹೋಗೋಕೆ ಅಂತ ಬಿಟ್ಟ ದಾರಿ ಅದು. ಮಣ್ಣು ತುಂಬಿ ಮುಚ್ಚಿಹೋಗಿದ್ರೆ ನೀರು ಟ್ರ್ಯಾಕಲ್ಲೇ ನಿಂತು, ತುಂಬಿ, ಒಳಗಿನ ಗೋಡೆ ಮೇಲೆ ಇಳಿಯುತ್ತೆ. ಕಿಟಕಿ ಕೆಳಗೆ ಬಣ್ಣ ಉಬ್ಬಿ ಉದುರೋ ಮನೆಗಳಲ್ಲಿ ಗೋಡೆಗೆ ಮತ್ತೆ ಪುಟ್ಟಿ ಹಚ್ಚಿಸೋ ಮುಂಚೆ ಈ ತೂತು ನೋಡೋದು ಒಳ್ಳೇದು. ಪೊರಕೆ ಕಡ್ಡಿ ಸಾಕು. ಚುಚ್ಚಿ ಮಣ್ಣು ತೆಗೆದು ಒಂದು ಲೋಟ ನೀರು ಬಿಟ್ಟು ನೋಡಿ, ಹೊರಗೆ ಹರಿದ್ರೆ ಆಯ್ತು. ಜಿಲ್ಲೆಯಲ್ಲಿ ಮಳೆ ಜೋರು ಆಗೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಈ ಕೆಲಸ ಆಗಿರಬೇಕು. ತೂತೇ ಇಲ್ಲದ ಕಿಟಕಿಗಳೂ ಇವೆ. ಅದು ಕೂರಿಸಿದವರ ಕೆಲಸದ ತಪ್ಪು, ಅವರನ್ನೇ ಕರೆಸಿ ಹಾಕಿಸಿಕೊಳ್ಳಿ.

ಚೆನ್ನಾಗಿ ಒಣಗಿದ ಮೇಲೆ ಕಿಟಕಿ ತಳ್ಳಿ ನೋಡಿ. ಸಲೀಸಾಗಿ ಓಡಿದ್ರೆ ಕೆಲಸ ಅಲ್ಲಿಗೇ ಮುಗೀತು. ಇನ್ನೂ ಬಿಗಿ ಅನ್ನಿಸಿದ್ರೆ ಮಾತ್ರ ಮುಂದಿನದು.

ಹಾಗಾದ್ರೆ ಹಚ್ಚೋದು ಏನನ್ನ?

ಕ್ಯಾರಂ ಬೋರ್ಡ್ ನೆನಪು ಮಾಡ್ಕೊಳ್ಳಿ. ಪಾನ್ ಜಾರಲಿ ಅಂತ ಯಾರೂ ಎಣ್ಣೆ ಸವರಲ್ಲ, ಪೌಡರ್ ಹಾಕ್ತಾರೆ. ಒಣಗಿದ್ದು ಜಾರಿಸುತ್ತೆ, ಜಿಡ್ಡು ಹಿಡಿಯುತ್ತೆ. ಕಿಟಕಿಗೂ ಬೇಕಾಗಿರೋದು ಒಣ ಜಾರಿಕೆ. ಹಾಗಂತ ಪೌಡರೇ ಹಾಕೋಕೆ ಹೋಗಬೇಡಿ, ಮಳೆಗಾಲದ ತೇವಕ್ಕೆ ಅದು ಅಂಟಾಗುತ್ತೆ.

ಇದಕ್ಕೆ ಸರಿಯಾದದ್ದು ಸಿಲಿಕೋನ್ ಸ್ಪ್ರೇ. ಹಾರ್ಡ್‌ವೇರ್ ಅಂಗಡಿ, ಬೈಕ್ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಹೊಡೆದಾಗ ಒದ್ದೆ ಇದ್ರೂ ಸ್ವಲ್ಪ ಹೊತ್ತಿಗೆ ಆರಿ ತೆಳು ಪದರ ಮಾತ್ರ ಉಳಿಯುತ್ತೆ, ಧೂಳು ಹೆಚ್ಚು ಹಿಡಿಯಲ್ಲ, ರಬ್ಬರ್, ನೈಲಾನ್ ಎರಡಕ್ಕೂ ತೊಂದರೆ ಕೊಡಲ್ಲ. ನೇರವಾಗಿ ಕಿಟಕಿ ಮೇಲೆ ಹೊಡೀಬೇಡಿ. ಒಂದು ಬಟ್ಟೆಗೆ ಹೊಡೆದು, ಅದನ್ನ ಹಳಿ ಮೇಲೆ ಸವರಿ. ಗಾಲಿಗೆ ಮಾತ್ರ ಡಬ್ಬಿ ಜೊತೆ ಬರೋ ಸಣ್ಣ ಕೊಳವೆ ಸಿಕ್ಕಿಸಿ ಒಂದೇ ಒಂದು ಸಲ ಚಿಮ್ಮಿಸಿ. ಆಮೇಲೆ ಪ್ಯಾನೆಲ್ಲನ್ನ ಹತ್ತು ಸಲ ಈ ಕಡೆ ಆ ಕಡೆ ಓಡಿಸಿ, ಉಳಿದದ್ದನ್ನ ಒರೆಸಿಬಿಡಿ. ಮೇಲಿನ ಚೌಕಟ್ಟನ್ನ ಮರೀಬೇಡಿ, ಪ್ಯಾನೆಲ್ ತಲೆ ಉಜ್ಜೋದು ಅಲ್ಲಿ. ಸಂದಿಯಲ್ಲಿ ಉಣ್ಣೆ ಥರ ಕಾಣೋ ಬ್ರಷ್ ಪಟ್ಟಿ ಇರುತ್ತಲ್ಲ, ಅದು ಸವೆದು ಮುದ್ದೆ ಆಗಿದ್ರೂ ಕಿಟಕಿ ಬಿಗಿಯುತ್ತೆ. ಅದಕ್ಕೆ ಔಷಧಿ ಇಲ್ಲ, ಹಳೇದು ಎಳೆದು ಹೊಸದು ಸೇರಿಸಬೇಕು.

ಸ್ಪ್ರೇ ಡಬ್ಬಿಯಲ್ಲಿರೋ ಅನಿಲಕ್ಕೆ ಬೆಂಕಿ ಹತ್ತುತ್ತೆ. ಒಲೆ ಆರಿಸಿ, ಪೂಜೆ ದೀಪ, ಊದುಬತ್ತಿ ದೂರ ಇಟ್ಟು ಹೊಡೀರಿ. ಟೈಲ್ಸ್ ಮೇಲೆ ಬಿದ್ರೆ ತಕ್ಷಣ ಸೋಪು ಹಾಕಿ ಒರೆಸಿ. ಕಿಟಕಿ ಜಾರಲಿ ಅಂತ ಹೋಗಿ ಮನೆಯವರು ಜಾರಿ ಬೀಳೋದು ಬೇಡ. ಗೋಡೆಗೆ ಬಿದ್ದ ಜಾಗಕ್ಕೆ ಆಮೇಲೆ ಬಣ್ಣ ಕೂರಲ್ಲ.

ಡಬ್ಲ್ಯುಡಿ-40 ಬಗ್ಗೆ ಒಂದು ಮಾತು. ಬೈಕ್ ಚೈನಿಂದ ಹಿಡಿದು ಬಾಗಿಲ ಕೀಲಿನವರೆಗೆ ಎಲ್ಲಾದಕ್ಕೂ ಇದೇ ನೀಲಿ-ಹಳದಿ ಡಬ್ಬಿ ಅಂತ ಜನ ನಂಬಿದ್ದಾರೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಇದು ತಯಾರಾಯ್ತು. ಆಗ ಇದರ ಕೆಲಸ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದ ಹಾಗೆ ನೀರು ದೂರ ಇಡೋದು. ಹೆಸರಿನ ಅರ್ಥವೇ ‘ನೀರು ಹೊರದೂಡುವ ದ್ರವ, 40ನೇ ಪ್ರಯತ್ನ’ ಅಂತ. ಹಳೇ ಗ್ರೀಸು, ಗಟ್ಟಿಯಾದ ಎಣ್ಣೆ ಕರಗಿಸೋಕೆ ಇದು ಬಹಳ ಚೆನ್ನ. ಆದ್ರೆ ಕಿಟಕಿಗೆ ಇದೊಂದೇ ಹಾಕಿ ಬಿಟ್ಟರೆ ಉಳಿಯೋ ಎಣ್ಣೆ ಪಸೆ ಮತ್ತೆ ಧೂಳು ಹಿಡಿಯುತ್ತೆ. ಇದ್ರಲ್ಲಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಸಿಲಿಕೋನ್ ಹಚ್ಚಬಹುದು. ಇದೇ ಕಂಪನಿ ಸಿಲಿಕೋನ್ ಸ್ಪ್ರೇಯನ್ನೂ ಮಾರುತ್ತೆ, ಹಾಗಾಗಿ ಬಣ್ಣ ನೋಡಿ ತರಬೇಡಿ, ಡಬ್ಬಿ ಮೇಲೆ ಬರೆದಿರೋದು ಓದಿ ತನ್ನಿ.

ಸ್ಪ್ರೇಗೆ ದುಡ್ಡು ಹಾಕೋಕೆ ಮನಸಿಲ್ವಾ? ಕರೆಂಟ್ ಹೋದಾಗ ಹಚ್ಚೋ ಬಿಳಿ ಮೇಣದ ಬತ್ತಿ ಇದ್ದೇ ಇರುತ್ತೆ. ಕ್ಲೀನ್ ಮಾಡಿದ ಒಣ ಹಳಿ ಮೇಲೆ ಅದನ್ನ ನಾಲ್ಕೈದು ಸಲ ಉಜ್ಜಿ, ಬಟ್ಟೆಯಲ್ಲಿ ತಿಕ್ಕಿ ನಯ ಮಾಡಿ. ಬೀದಿ ಬದಿ ಅಂಗಡಿಗೆ, ಅದರಲ್ಲೂ ಧೂಳಿನ ರಸ್ತೆಯಲ್ಲಿರೋರಿಗೆ ಸ್ಪ್ರೇಗಿಂತ ಇದೇ ವಾಸಿ. ಬೇಸಿಗೆಯಲ್ಲಿ ಬಿಸಿಲು ನೇರ ಬೀಳೋ ಪಶ್ಚಿಮದ ಕಿಟಕಿಗೆ ಮಾತ್ರ ಇದು ಬೇಡ, ಮೆತ್ತಗಾಗಿ ಅಂಟುತ್ತೆ. ಪೆನ್ಸಿಲ್ ಸೀಸದ ಪುಡಿ ಬೀಗದ ರಂಧ್ರಕ್ಕೆ ಒಳ್ಳೇದು. ಅಲ್ಯೂಮಿನಿಯಂ ಹಳಿಗೆ ಹಾಕಿ ಅದರ ಮೇಲೆ ಮಳೆ ನೀರು ಬಿದ್ರೆ ಲೋಹ ಸವೆಯೋಕೆ ದಾರಿ ಆಗುತ್ತೆ.

ಬೇಕರಿ, ಸ್ವೀಟ್ ಸ್ಟಾಲ್‌ನವರ ಗಾಜಿನ ಕೌಂಟರಿಗೆ ಬಹಳ ಕಡೆ ಗಾಲಿಯೇ ಇರಲ್ಲ, ಗಾಜು ನೇರವಾಗಿ ಅಲ್ಯೂಮಿನಿಯಂ ಗಾಡಿಯಲ್ಲಿ ಜಾರುತ್ತೆ. ಅಲ್ಲಿ ಸೇರಿಕೊಳ್ಳೋದು ಸಕ್ಕರೆ ಪಾಕ, ಖಾರದ ಪುಡಿ, ಬ್ರೆಡ್ ಚೂರು. ದಿನಾ ರಾತ್ರಿ ಬಾಗಿಲು ಹಾಕೋ ಮುಂಚೆ ಬಿಸಿ ನೀರಿನ ಬಟ್ಟೆಯಲ್ಲಿ ಗಾಡಿ ಒರೆಸಿದ್ರೆ ಸಾಕು, ಬೇಕಾದ್ರೆ ವಾರಕ್ಕೊಮ್ಮೆ ಸ್ವಲ್ಪ ಮೇಣ. ತಿನ್ನೋ ಪದಾರ್ಥದ ಹತ್ತಿರ ಸ್ಪ್ರೇ ಬೇಡವೇ ಬೇಡ. ಅಂಗಡಿ ರೋಲಿಂಗ್ ಶಟರ್ ಬಿಗಿಯಾಗಿದ್ರೆ ಎರಡೂ ಪಕ್ಕದ ಗಾಡಿ ಮಾತ್ರ ಕ್ಲೀನ್ ಮಾಡ್ಕೊಳ್ಳಿ. ಮೇಲಿರೋ ಸ್ಪ್ರಿಂಗ್ ಪೆಟ್ಟಿಗೆಗೆ ಕೈ ಹಾಕಬೇಡಿ, ಅದರಲ್ಲಿ ತಿರುಚಿ ಇಟ್ಟಿರೋ ಬಲ ಕೈ ಮುರಿಯುವಷ್ಟು ಇರುತ್ತೆ.

ಇಷ್ಟು ಮಾಡಿದ್ರೂ ಜರುಗಲಿಲ್ಲ ಅಂದ್ರೆ

ಪ್ಯಾನೆಲ್ಲನ್ನ ಎರಡೂ ಕೈಯಲ್ಲಿ ಒಂಚೂರು ಮೇಲಕ್ಕೆ ಎತ್ತಿ ಹಿಡಿದು ತಳ್ಳಿ ನೋಡಿ. ಎತ್ತಿದಾಗ ಓಡುತ್ತೆ, ಬಿಟ್ಟಾಗ ನಿಲ್ಲುತ್ತೆ ಅಂದ್ರೆ ಗಾಲಿ ಸವೆದಿದೆ ಅಥವಾ ಕುಸಿದಿದೆ. ಕೆಲವು ಕಿಟಕಿಗಳಲ್ಲಿ ಪ್ಯಾನೆಲ್ಲಿನ ಪಕ್ಕದ ಪಟ್ಟಿ ಬುಡದಲ್ಲಿ ಒಂದು ತೂತು, ಅದರೊಳಗೆ ಸ್ಕ್ರೂ ಇರುತ್ತೆ. ಅದನ್ನ ತಿರುಗಿಸಿದ್ರೆ ಗಾಲಿ ಏರಿಳಿಯುತ್ತೆ. ಒಂದೇ ಸಲಕ್ಕೆ ಜಾಸ್ತಿ ತಿರುಗಿಸದೆ, ಅರ್ಧ ಸುತ್ತು ತಿರುಗಿಸಿ ಪ್ಯಾನೆಲ್ ಏರಿತೋ ಇಳೀತೋ ನೋಡಿ. ಎರಡೂ ತುದಿ ಸಮ ಬರಬೇಕು. ಗಾಜಿನ ಅಂಚು ಚೌಕಟ್ಟಿನ ಅಂಚಿಗೆ ನೇರ ಇದ್ಯಾ, ಲಾಕ್ ಸರಿಯಾಗಿ ಕೂರ್ತಾ ಇದ್ಯಾ ಅನ್ನೋದೇ ಅಳತೆ. ಇಳಿಸುವಾಗಲೂ ಲಕ್ಷ್ಯ ಇರಲಿ. ಪ್ಯಾನೆಲ್ ಜಾಸ್ತಿ ಕೆಳಗೆ ಕೂತ್ರೆ ತಲೆ ಮೇಲಿನ ಚೌಕಟ್ಟಿನ ಹಿಡಿತ ತಪ್ಪಿ ಗಾಳಿಗೆ ಕಿತ್ತು ಬರಬಹುದು. ಸ್ಕ್ರೂ ಇಲ್ಲದ ಕಿಟಕಿಗೆ ಗಾಲಿ ಬದಲಾಯಿಸೋದೊಂದೇ ದಾರಿ.

ಅದಕ್ಕೆ ಪ್ಯಾನೆಲ್ ಬಿಚ್ಚಬೇಕು. ಒಬ್ಬರೇ ಮಾಡೋ ಕೆಲಸ ಅಲ್ಲ, ಇಬ್ಬರಿರಲಿ, ಕಾಲಲ್ಲಿ ಚಪ್ಪಲಿ ಬೇಡ, ಶೂ ಇರಲಿ. ಸೊಳ್ಳೆ ಪರದೆ ಒಳಗಡೆ ಹಳಿಯಲ್ಲಿದ್ರೆ ಮೊದಲು ಅದನ್ನ ತೆಗೀರಿ. ಎರಡು ಗಾಜಿನ ಪ್ಯಾನೆಲ್ ನಡುವೆ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡಿರುತ್ತೆ, ಅದು ಬಿಡೋ ಹಾಗೆ ಸ್ವಲ್ಪ ಸರಿಸಿ. ಆಮೇಲೆ ಪ್ಯಾನೆಲ್ಲನ್ನ ನೇರ ಮೇಲಕ್ಕೆ ಎತ್ತಿ, ಬುಡವನ್ನ ಮನೆ ಒಳಗಡೆಗೆ ಎಳೆದ್ರೆ ಹಳಿ ಬಿಡುತ್ತೆ. ಮಹಡಿ ಮೇಲೆ ಗ್ರಿಲ್ ಇಲ್ಲದ ಕಿಟಕಿ ಆಗಿದ್ರೆ ಈ ಸಾಹಸ ಬೇಡ, ಕೆಲಸದವರನ್ನ ಕರೆಸಿ. ಕೆಳಗೆ ಓಡಾಡೋರ ತಲೆ ಮುಖ್ಯ. ಬಿಚ್ಚಿದ ಹಳೇ ಗಾಲಿಯನ್ನೇ ಕೈಯಲ್ಲಿ ಹಿಡ್ಕೊಂಡು ಅಂಗಡಿಗೆ ಹೋಗಿ. ಬಾಯಲ್ಲಿ ಅಳತೆ ಹೇಳಿ ತಂದದ್ದು ಕೂರದೆ ಕೊರಟಗೆರೆಗೆ, ಮಧುಗಿರಿಗೆ ಎರಡೆರಡು ಸಲ ಬಸ್ ಹತ್ತೋದು ತಪ್ಪುತ್ತೆ. ತಂದ್ರೆ ಎರಡೂ ತುದಿಗೆ ಹೊಸದೇ ಹಾಕಿ, ಒಂದು ಹಳೇದು ಒಂದು ಹೊಸದು ಆದ್ರೆ ಪ್ಯಾನೆಲ್ ವಾಲುತ್ತೆ. ಹಳಿ ಸವೆದಿದ್ರೆ ಅದರ ಮೇಲೆ ಕೂರಿಸೋ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಸಿಗುತ್ತೆ, ಚೌಕಟ್ಟು ಕೀಳಿಸೋ ಮುಂಚೆ ಅದನ್ನ ಕೇಳಿ ನೋಡಿ.

ಬೆಳಿಗ್ಗೆ ಸಲೀಸು, ಮಧ್ಯಾಹ್ನ ಬಿಗಿ ಅನ್ನೋ ಕಿಟಕಿಯ ರೋಗ ಬೇರೆ. ನಾಲ್ಕಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ 25 ಡಿಗ್ರಿ ಬಿಸಿ ಏರಿದ್ರೆ ಮುಕ್ಕಾಲು ಮಿಲಿಮೀಟರ್ ಹತ್ತಿರ ಹಿಗ್ಗುತ್ತೆ. ಗೋಡೆ ಅಷ್ಟು ಹಿಗ್ಗಲ್ಲ. ಚೌಕಟ್ಟು ಗೋಡೆಗೆ ಜಾಗ ಇಲ್ಲದ ಹಾಗೆ ಬಿಗಿಯಾಗಿ ಕೂತಿದ್ರೆ ಬಾಗಿ ಪ್ಯಾನೆಲ್ಲನ್ನ ಹಿಡಿಯುತ್ತೆ. ಲಿಂಟಲ್ ಕುಸಿದು ಮೇಲಿನ ಪಟ್ಟಿ ಬಗ್ಗಿದ್ರೂ ಹೀಗೇ, ಆದ್ರೆ ಅದು ದಿನಪೂರ್ತಿ ಬಿಗಿ. ಒಂದು ದಾರ ಎಳೆದು ಕಟ್ಟಿ ಮೇಲಿನ ಪಟ್ಟಿ ನೇರ ಇದ್ಯಾ ನೋಡಿ. ನಡುವೆ ಇಳಿದಿದ್ರೆ, ಅದರ ಮೇಲೆ ಗೋಡೆಯಲ್ಲಿ ಬಿರುಕೂ ಕಂಡ್ರೆ, ಕಿಟಕಿಯವರಲ್ಲ, ಮೇಸ್ತ್ರಿ ಬರಬೇಕು.

ಕಿಟಕಿ ಸಲೀಸಾದ ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಲಾಕ್ ಕೆಲಸ ಮಾಡ್ತಾ ಇದ್ಯಾ ಅಂತ ಅವತ್ತೇ ನೋಡ್ಕೊಳ್ಳಿ. ಇಷ್ಟು ದಿನ ಮಗು ಕೈಗೆ ಜರುಗದೇ ಇದ್ದದ್ದು ಈಗ ಜರುಗುತ್ತೆ.

ಮುಂದಿನ ಸಲ ಸುಣ್ಣ ಬಣ್ಣ ಹೊಡೆಸುವಾಗ ಕೆಳಗಿನ ಟ್ರ್ಯಾಕಿಗೆ ಹಳೇ ನ್ಯೂಸ್ ಪೇಪರ್ ಮಡಚಿ ಹಾಸಿ ಪೇಪರ್ ಟೇಪ್ ಹಾಕಿಸಿ. ಕೆಲಸ ಮುಗಿದ ದಿನವೇ ಕೀಳಬೇಕು, ವಾರಗಟ್ಟಲೆ ಬಿಟ್ಟರೆ ಬಿಸಿಲಿಗೆ ಟೇಪಿನ ಅಂಟು ಹಳಿಗೇ ಹಿಡಿಯುತ್ತೆ. ಹನಿ ಬಿದ್ದಿದ್ರೆ ಒಣಗೋ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ ಅಂತ ಪೇಂಟರ್‌ಗೆ ಬೆಳಿಗ್ಗೆನೇ ಹೇಳಿಬಿಡಿ, ಸಂಜೆ ಹೇಳಿದ್ರೆ ಅಷ್ಟೊತ್ತಿಗೆ ಒಣಗಿರುತ್ತೆ.